ಹೀತ್ ಮಾತುಕತೆ ಮುರಿದದ್ದು ಬರೀ ಸಂಬಳಕ್ಕಲ್ಲ

ತಪ್ಪು ಕಲ್ಪನೆ: ಬೆಲೆ ಏರಿಕೆ ತಡೆಯಲು 1972ರಲ್ಲಿ ಬ್ರಿಟನ್ ಪ್ರಧಾನಿ ಎಡ್ವರ್ಡ್ ಹೀತ್ ಮಾಲೀಕರು ಮತ್ತು ಕಾರ್ಮಿಕ ಸಂಘಗಳೊಂದಿಗೆ ನಡೆಸಿದ ತ್ರಿಪಕ್ಷೀಯ ಮಾತುಕತೆ ಕಾರ್ಮಿಕ ಸಂಘಗಳ ಸಂಬಳದಾಸೆಯಿಂದ ಮುರಿದುಬಿತ್ತು.

ಸತ್ಯ: ಸಂಬಳದ ಮೊತ್ತಕ್ಕೂ ಜಗ್ಗಾಟ ನಡೆದದ್ದು ಹೌದು. ಆದರೆ ಗಂಟು ಬಿದ್ದದ್ದು ಬೇರೆ ಕಡೆ. ಸೆಪ್ಟೆಂಬರ್ 26ರಂದು ಪ್ರಧಾನಿಯ ಹಳ್ಳಿಮನೆ ಚೆಕರ್ಸ್‌ನಲ್ಲಿ ಹೀತ್ ಮುಂದಿಟ್ಟ ಸೂತ್ರ ಇದು: ವಾರಕ್ಕೆ 2 ಪೌಂಡ್ ಹೆಚ್ಚಳ, ಚಿಲ್ಲರೆ ಬೆಲೆ ಏರಿಕೆ ಶೇ 5ರೊಳಗೆ. ವಾರಕ್ಕೆ 20 ಪೌಂಡ್ ದುಡಿಯುವವನಿಗೆ ಅದು ಶೇ 10, 40 ಪೌಂಡ್‌ನವನಿಗೆ ಶೇ 5. ಕಾರ್ಮಿಕರನ್ನು ಹಣಿಯಲು ಹೊರಟವನು ಇಂಥ ಲೆಕ್ಕ ಹಾಕುವುದಿಲ್ಲ. ಕಾರ್ಮಿಕ ಸಂಘಗಳ ಒಕ್ಕೂಟವಾದ ಟಿಯುಸಿ ಕೇಳಿದ್ದು, ಬೆಲೆಗೆ ಕಾನೂನಿನ ಕಡಿವಾಣ ಬೇಕು, ಬಾಡಿಗೆ ಏರಬಾರದು, ಸಂಘಗಳಿಗೆ, ಮುಷ್ಕರಗಳಿಗೆ ಅಂಕೆ ಹಾಕಿದ 1971ರ ಕೈಗಾರಿಕಾ ಸಂಬಂಧಗಳ ಕಾಯ್ದೆಯನ್ನು ಬದಿಗಿಡಬೇಕು ಎಂದು. ಅದೇ ಕಾಯ್ದೆಯ ಪ್ರಕರಣವೊಂದರಲ್ಲಿ ಜುಲೈನಲ್ಲಿ ಬಂದರು ಕಾರ್ಮಿಕರ ಐವರು ಮುಂದಾಳುಗಳು ಪೆಂಟನ್‌ವಿಲ್ ಜೈಲು ಸೇರಿದ್ದರು. ಆ ಸಿಟ್ಟು ಆರಿರಲಿಲ್ಲ. ಸಂಸತ್ತು ಮಾಡಿದ ಕಾನೂನು ಚೌಕಾಸಿಗಿಲ್ಲ ಎಂದಿತು ಸರ್ಕಾರ. ನವೆಂಬರ್ 2ಕ್ಕೆ ಮಾತುಕತೆ ಮುಗಿಯಿತು. ನಾಲ್ಕೇ ದಿನದಲ್ಲಿ ಹೀತ್ ಸಂಬಳ, ಬೆಲೆ, ಬಾಡಿಗೆ ಎಲ್ಲವನ್ನೂ 90 ದಿನ ತಡೆಹಿಡಿಯುವ ಕಾನೂನು ಪ್ರಕಟಿಸಿದರು. ಅಂಥ ಕಾನೂನು ತರುವುದಿಲ್ಲ ಎಂದೇ 1970ರ ಚುನಾವಣೆ ಗೆದ್ದಿದ್ದವರು!

ತಪ್ಪು ಕಲ್ಪನೆ: ಆಗಿನ ಹಣದುಬ್ಬರಕ್ಕೆ ಸಂಬಳವೊಂದೇ ಕಾರಣ.

ಸತ್ಯ: ಅದೂ ಒಂದು ಕಾರಣ, ಅಷ್ಟೆ. 1972ರ ಬಜೆಟ್ಟಿನ ತೆರಿಗೆ ಕಡಿತ, ಜೂನ್‌ನಲ್ಲಿ ಪೌಂಡಿನ ದರವನ್ನು ಮಾರುಕಟ್ಟೆಗೆ ಬಿಟ್ಟದ್ದು, ಮರುವರ್ಷದ ತೈಲ ಆಘಾತ, ಎಲ್ಲವೂ ಸೇರಿದವು. 1973ರಲ್ಲಿ ಹೀತ್ ಸರ್ಕಾರವೇ ನಮ್ಮ ತುಟ್ಟಿಭತ್ಯೆಯಂಥ ಏರ್ಪಾಡು ತಂದಿತು: ಬೆಲೆ ಏರಿಕೆ ಶೇ 7 ದಾಟಿದರೆ ಪ್ರತಿ ಶೇ 1ಕ್ಕೆ ವಾರಕ್ಕೆ 40 ಪೆನ್ಸ್. ತೈಲದ ಬೆಲೆ ಏರಿದ್ದೇ ತಡ, ಅದೂ ಉರಿಗೆ ಸೌದೆಯಾಯಿತು.

ತಪ್ಪು ಕಲ್ಪನೆ: ಆ ವರ್ಷದ ಮಾತುಕತೆಗಳಿಂದ ಏನೂ ಉಳಿಯಲಿಲ್ಲ.

ಸತ್ಯ: ಆಗಸ್ಟ್‌ನಲ್ಲೇ ಟಿಯುಸಿ ಮತ್ತು ಮಾಲೀಕರ ಸಂಘಟನೆ ಸಿಬಿಐ ಸೇರಿ ಸ್ವತಂತ್ರ ರಾಜಿ ಸಂಧಾನ ವ್ಯವಸ್ಥೆಗೆ ಒಪ್ಪಿದ್ದವು. ಅದಕ್ಕೆ ಬಂದ ಪ್ರಕರಣಗಳು ಬೆರಳೆಣಿಕೆಯಷ್ಟು. ಆದರೆ ಅದರ ಹಿಂದಿನ ತಕರಾರು ಗಟ್ಟಿಯಾಗಿತ್ತು: ಅಲ್ಲಿಯವರೆಗೆ ಸಂಧಾನ ಮಾಡುತ್ತಿದ್ದವರು ಉದ್ಯೋಗ ಇಲಾಖೆಯ ಅಧಿಕಾರಿಗಳು. ಸಂಬಳಕ್ಕೆ ಮಿತಿ ಹಾಕುವ ಸರ್ಕಾರದ ನೌಕರರೇ ಮಧ್ಯಸ್ಥಿಕೆಗೆ ಕೂತರೆ ಯಾರು ನಂಬುತ್ತಾರೆ? 1974ರಲ್ಲಿ ಹೀತ್ ನಂತರ ಬಂದ ಹೆರಾಲ್ಡ್ ವಿಲ್ಸನ್ ಸರ್ಕಾರ ಈ ಕೆಲಸವನ್ನು ಇಲಾಖೆಯಿಂದ ಬಿಡಿಸಿ, ಇಂದು ಎಕಾಸ್ ಎನಿಸಿಕೊಂಡಿರುವ ಸಂಸ್ಥೆಗೆ ವಹಿಸಿತು. ಮರುವರ್ಷ ಅದಕ್ಕೆ ಕಾಯ್ದೆಯ ಬಲವೂ ಬಂತು. ಆದರೆ ನಮ್ಮ ಕರ್ನಾಟಕದಲ್ಲಿ ಸಂಧಾನಾಧಿಕಾರಿ ಈಗಲೂ ಕಾರ್ಮಿಕ ಇಲಾಖೆಯವರೇ.