ಒಬ್ಬನೇ ಉಳಿದರೂ ಮುಚ್ಚದ ವಾದ್ಯವೃಂದ



ನಮ್ಮಲ್ಲಿ ಕೆಲವರ ಮಕ್ಕಳು ಹೆಚ್ಚಿನ ವ್ಯಾಸಂಗಕ್ಕೆಂದು ಅಮೆರಿಕದವರೆಗೂ ಹೋಗುತ್ತಾರೆ. ಅಲ್ಲಿಯ ವಿಶ್ವವಿದ್ಯಾಲಯಗಳಲ್ಲಿ ಪಾಠಪ್ರವಚನದ ಜೊತೆಗೆ ವಿದ್ಯಾರ್ಥಿಗಳ ವಾದ್ಯವೃಂದವೂ ಇರುವುದುಂಟು. ಪಿಟೀಲು, ಕೊಳಲು, ತುತ್ತೂರಿ, ನಗಾರಿಗಳೆಲ್ಲ ಒಬ್ಬ ನಿರ್ದೇಶಕರ ಕೈಸನ್ನೆಗೆ ಒಟ್ಟಾಗಿ ನುಡಿಯುವ ಮೇಳವಿದು. ಇಂಥದಕ್ಕೆ ಸೇರುವುದೆಂದರೇನು ಎಂಬುದಕ್ಕೆ ಹಾರ್ವರ್ಡ್ ವಿಶ್ವವಿದ್ಯಾಲಯದ ಉದಾಹರಣೆ ನೋಡೋಣ.

1808ರಲ್ಲಿ ಅಲ್ಲಿಯ ವಿದ್ಯಾರ್ಥಿಗಳು ಪೈರಿಯನ್ ಸೊಡಾಲಿಟಿ ಎಂಬ ಸಂಗೀತ ಕೂಟ ಕಟ್ಟಿದರು. ರಾತ್ರಿ ಹೊತ್ತು ಮನೆಗಳ ಕಿಟಕಿಯ ಕೆಳಗೆ ನಿಂತು ನುಡಿಸುವುದೂ ಅವರ ಹವ್ಯಾಸವಾಗಿತ್ತು. ಇದು ಕಾಲೇಜಿನ ಆಡಳಿತದವರಿಗೆ ಸರಿಬೀಳಲಿಲ್ಲ. ಸದಸ್ಯರು ಕರಗುತ್ತ ಬಂದು 1832ರಲ್ಲಿ ಉಳಿದವನು ಹೆನ್ರಿ ಗ್ಯಾಸೆಟ್ ಒಬ್ಬನೇ. ಆತ ಕೂಟವನ್ನು ಮುಚ್ಚಲಿಲ್ಲ. ಕ್ರಮೇಣ ಇತರರು ಬಂದು ಸೇರಿದರು. 1837ರಲ್ಲಿ ಕೂಟದ ಹಳೆಯ ಸದಸ್ಯರಿಂದಲೇ ಹಾರ್ವರ್ಡ್ ಮ್ಯೂಸಿಕಲ್ ಅಸೋಸಿಯೇಷನ್ ಹುಟ್ಟಿತು. ಮುಂದೆ ರ‍್ಯಾಡ್‌ಕ್ಲಿಫ್ ಮಹಿಳಾ ಕಾಲೇಜಿನ ವಿದ್ಯಾರ್ಥಿನಿಯರೂ ಜೊತೆಗೂಡಿ, 1942ರಲ್ಲಿ ಅದು ಹಾರ್ವರ್ಡ್-ರ‍್ಯಾಡ್‌ಕ್ಲಿಫ್ ಆರ್ಕೆಸ್ಟ್ರಾ ಎನಿಸಿತು.

ಇದಕ್ಕೆ ಸೇರಲು ಸಂಗೀತದ ಪದವಿಯನ್ನೇ ಓದುತ್ತಿರಬೇಕೆಂದಿಲ್ಲ; ವಿಜ್ಞಾನ, ಅರ್ಥಶಾಸ್ತ್ರ ಓದುವವರೂ ಬರುತ್ತಾರೆ. ಆದರೆ ಪರೀಕ್ಷೆ ಉಂಟು. ಇಂಥ ಮೇಳಗಳಲ್ಲಿ ಸಾಮಾನ್ಯವಾಗಿ ವಿದ್ಯಾರ್ಥಿಯು ತಾನು ಸಿದ್ಧಪಡಿಸಿದ ಒಂದು ಕೃತಿಯನ್ನೂ, ಮೇಳಕ್ಕಾಗಿ ಬರೆದ ಕೃತಿಗಳ ಕೆಲವು ಕಠಿಣ ಭಾಗಗಳನ್ನೂ ನುಡಿಸಿ ತೋರಿಸಬೇಕು. ಒಮ್ಮೊಮ್ಮೆ ಹಿಂದೆ ಕಾಣದ ಹಾಳೆಯನ್ನು ಮುಂದಿಟ್ಟು ಓದಿ ನುಡಿಸೆನ್ನುತ್ತಾರೆ.

ಕರ್ನಾಟಕ ಸಂಗೀತದ ಪಿಟೀಲು ಕಲಿತ ನಮ್ಮ ಮಕ್ಕಳು ಇದನ್ನು ಮೊದಲೇ ತಿಳಿದಿರುವುದು ಲೇಸು. ನಮ್ಮವರು ನೆಲದ ಮೇಲೆ ಕುಳಿತು, ವಾದ್ಯದ ತಲೆಯನ್ನು ಪಾದದ ಮೇಲೆ ಆನಿಸಿ, ಕಂಠಪಾಠದಿಂದ ನುಡಿಸುತ್ತಾರೆ. ಅಲ್ಲಿ ಕುರ್ಚಿಯಲ್ಲಿ ಕುಳಿತು, ಪಿಟೀಲನ್ನು ಗದ್ದದ ಕೆಳಗಿಟ್ಟು, ಐದು ಗೆರೆಗಳ ಸ್ವರಲಿಪಿಯನ್ನು ಓದಿಕೊಂಡು ನುಡಿಸಬೇಕು. ಗಮಕಕ್ಕೆ ಅಲ್ಲಿ ಎಡೆಯಿಲ್ಲ. ಪಕ್ಕದವರ ಬಿಲ್ಲು ಮೇಲೆ ಹೋದಾಗ ನಮ್ಮದೂ ಮೇಲೆ ಹೋಗಬೇಕು. ಶ್ರುತಿಜ್ಞಾನ, ಲಯಜ್ಞಾನಗಳೇನೋ ಕೈಬಿಡುವುದಿಲ್ಲ. ಮಿಕ್ಕದ್ದನ್ನು ಹೊಸದಾಗಿ ಕಲಿಯಬೇಕು.

ಆಯ್ಕೆಯಾದ ಮೇಲೆ ಅಭ್ಯಾಸಕ್ಕೆ ತಪ್ಪುವಂತಿಲ್ಲ. ನಗಾರಿಯವನು ಎಷ್ಟೋ ಹೊತ್ತು ಸುಮ್ಮನೆ ಆವರ್ತಗಳನ್ನು ಎಣಿಸುತ್ತ ಕುಳಿತಿರುತ್ತಾನೆ. ಅವನ ಪೆಟ್ಟು ಬೀಳಬೇಕಾದ ಗಳಿಗೆಗೆ ಅವನಿಲ್ಲದಿದ್ದರೆ ಉಳಿದವರೆಲ್ಲರ ಶ್ರಮಕ್ಕೂ ಕುಂದು.

ಪರೀಕ್ಷೆಯಲ್ಲಿ ನೋಡುವುದು ಕೈಚಳಕವನ್ನು. ತನ್ನ ಪಾಲು ಚಿಕ್ಕದೆಂದು ಬೇಸರಿಸದೆ ವಾರವಾರವೂ ಬಂದು ಕೂರುವ ಗುಣ ಆಮೇಲೆ ತಿಳಿಯುತ್ತದೆ. 1832ರಲ್ಲಿ ಆ ಕೂಟವನ್ನು ಉಳಿಸಿದ್ದೂ ಅದೇ.