ಯಾರು ಕಳಿಸಿದ್ದು?

ತಿರುಪ್ಪೂರಿನ ಬನಿಯನ್ ಕಂಪನಿಯ ಆಫೀಸಿಗೆ ಹೊಸ ಮುಖವೊಂದು ಬಂದರೆ ಕುರ್ಚಿ ತೋರಿಸುತ್ತಾರೆ, ನೀರು ಕೊಡುತ್ತಾರೆ, ಆಮೇಲೆ ಕೇಳುತ್ತಾರೆ: ‘ಯಾರುಂಗ ಅನುಪ್ಪಿನಾಂಗ?’ ಯಾರು ಕಳಿಸಿದ್ದು ಅಂತ. ಈ ಭಾಗದ, ಎಂದರೆ ಕೊಂಗುನಾಡಿನ, ತಮಿಳಿನಲ್ಲಿ ಮಾತು ಮಾತಿನ ಬಾಲಕ್ಕೂ ಒಂದು ‘ಂಗ’ ಸೇರಿಕೊಂಡು ಮರ್ಯಾದೆ ತುಂಬುತ್ತದೆ. ಪ್ರಶ್ನೆ ಎಷ್ಟು ಮೃದುವೋ ಅಷ್ಟೇ ಗಟ್ಟಿ. ಉತ್ತರದಲ್ಲಿ ಒಂದು ಹೆಸರು ಬರಬೇಕು. ಆ ಹೆಸರಿನವರು ಫೋನಿಗೆ ಸಿಗಬೇಕು. ನಾಳೆ ಹಣ ನಿಂತರೆ, ಮಾಲು ಕೆಟ್ಟರೆ, ಹುಡುಗ ಹೇಳದೆ ಕೆಲಸ ಬಿಟ್ಟರೆ ಅವರನ್ನು ಕೇಳಬಹುದು ಎಂಬ ಧೈರ್ಯವೇ ಪರಿಚಯದ ತಿರುಳು.

ಅದೇ ಆಫೀಸಿನ ಇನ್ನೊಂದು ಮೂಲೆಯಲ್ಲಿ ಮರ್ಚಂಡೈಸರ್ ಕೂತಿರುತ್ತಾರೆ. ವಿದೇಶದ ಬೈಯರ್ ಮತ್ತು ಇಲ್ಲಿನ ಫ್ಲೋರ್ ನಡುವೆ ಸ್ಯಾಂಪಲ್, ದರ, ದಿನಾಂಕಗಳನ್ನು ಹೊತ್ತು ಓಡಾಡುವ ಕೆಲಸ ಅವರದು. ಬೆಳಗ್ಗೆ ಫೋನ್ ತೆರೆದರೆ ಲಿಂಕ್ಡ್‌ಇನ್‌ನಲ್ಲಿ ಹತ್ತು ಹದಿನೈದು ಆಹ್ವಾನ. ಬಟನ್ ಮಾರುವವರು, ಲೇಬಲ್ ಮಾರುವವರು, ಸಾಫ್ಟ್‌ವೇರ್ ಮಾರುವವರು, ಕೆಲಸ ಹುಡುಕುವವರು. ಒಪ್ಪಿಕೊಂಡ ಕ್ಷಣದಲ್ಲೇ ಉದ್ದನೆಯ ಸಂದೇಶ ಬಂದು ಬೀಳುತ್ತದೆ: ನಾವು ಇಂಥ ಮಾಲಿನ ತಯಾರಕರು, ರಫ್ತುದಾರರು, ದಯವಿಟ್ಟು ಎನ್‌ಕ್ವೈರಿ ಕಳಿಸಿ. ಈ ಮರ್ಚಂಡೈಸರ್ ಕೂಡ ನಿನ್ನೆ ರಾತ್ರಿ ಅಂಥದೇ ಸಂದೇಶವನ್ನು ಯುರೋಪಿನ ಐವತ್ತು ಬೈಯರ್‌ಗಳಿಗೆ ಕಳಿಸಿದ್ದಾರೆ. ಇಲ್ಲಿ ‘ಯಾರು ಕಳಿಸಿದ್ದು’ ಎಂದು ಕೇಳುವಂತಿಲ್ಲ. ಯಾರೂ ಕಳಿಸಿಲ್ಲ.

ಹೆಸರಿನ ಪರಿಚಯದಿಂದ ಹೆಸರಿಲ್ಲದ ಪರಿಚಯಕ್ಕೆ ಈ ಊರು ಬಂದು ಮುಟ್ಟಿದ್ದು ಹೇಗೆ? ವೃತ್ತಿಪರ ಜಾಲತಾಣದ ಬಗ್ಗೆ ಎಲ್ಲರೂ ದಿನವೂ ಗೊಣಗುವ ಸಂಗತಿಗಳ ಬೇರು ಈ ಕಥೆಯಲ್ಲೇ ಇದೆ ಎಂದು ನನಗನ್ನಿಸುತ್ತದೆ.

ಪಕ್ಕದ ಕೊಯಮತ್ತೂರಿನಿಂದಲೇ ಶುರು ಮಾಡಬೇಕು. 1888ರಲ್ಲಿ ಸ್ಟೇನ್ಸ್ ಮಿಲ್ ಬಂತು. 1930ರ ದಶಕದ ಆರಂಭದಲ್ಲಿ ಪೈಕಾರ ಜಲವಿದ್ಯುತ್ ಹರಿದ ಮೇಲೆ ನೂಲಿನ ಗಿರಣಿಗಳು ಸಾಲುಸಾಲಾಗಿ ಎದ್ದವು. 1933ರಲ್ಲಿ ಗಿರಣಿ ಮಾಲೀಕರು ಸೇರಿ ‘ಸೈಮಾ’ ಎಂಬ ಸಂಘ ಕಟ್ಟಿಕೊಂಡರು. ಗಿರಣಿಗೆ ಬಂಡವಾಳ ಬಂದದ್ದು ಹೆಚ್ಚಾಗಿ ಹತ್ತಿ ಬೆಳೆದ ಕುಟುಂಬಗಳಿಂದ. ಅಲ್ಲಿ ಷೇರು ಕೊಳ್ಳುವುದಕ್ಕೂ ಕೆಲಸಕ್ಕೆ ಸೇರುವುದಕ್ಕೂ ಊರು, ಕುಲ, ನೆಂಟಸ್ತನವೇ ಅರ್ಜಿ ನಮೂನೆ.

ಕನ್ನಡಿಗರಿಗೂ ಇದು ದೂರದ ಕಥೆಯಲ್ಲ. ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರವರೆಗೆ ಕೊಯಮತ್ತೂರು ಜಿಲ್ಲೆಯ ಭಾಗವೇ ಆಗಿತ್ತು. ಕೊಯಮತ್ತೂರು ನಗರ, ನೆಗಮಂ, ಸಿರುಮುಗೈ ಕಡೆಯ ದೇವಾಂಗ ನೇಕಾರರಲ್ಲಿ ಮನೆಯೊಳಗೆ ಕನ್ನಡ ಆಡುವ ಕುಟುಂಬಗಳು ಇಂದಿಗೂ ಇವೆ. ಚೌಡೇಶ್ವರಿ ಅಮ್ಮನ ಹಬ್ಬದಲ್ಲಿ ಕತ್ತಿ ಹಿಡಿದು ಅಲಗು ಸೇವೆ ಮಾಡುವವರು ಇವರೇ. ಮಗ್ಗದ ಲೋಕ ನಡೆಯುತ್ತಿದ್ದುದು ಬಾಯಿಮಾತಿನ ಸಾಲದ ಮೇಲೆ. ನೂಲು ಕೊಡುವವರು ಬರೆಸಿಕೊಂಡ ಕಾಗದಕ್ಕಿಂತ ‘ಇವನು ನಮ್ಮವನು’ ಎಂದು ಹೇಳುವ ಹಿರಿಯರೊಬ್ಬರ ಮಾತನ್ನು ನಂಬುತ್ತಿದ್ದರು. ಆ ಹಿರಿಯರು ಸುಮ್ಮನೆ ಹೇಳುತ್ತಿರಲಿಲ್ಲ. ಹೇಳಿದರೆ ಹೊಣೆ ತಮ್ಮ ತಲೆಗೆ ಬರುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

ತಿರುಪ್ಪೂರಿನಲ್ಲಿ ಹೆಣಿಗೆ ಯಂತ್ರ ಬಂದದ್ದು 1920ರ ದಶಕದಲ್ಲಿ. ದೀರ್ಘಕಾಲ ಅದು ದೇಶದೊಳಗಿನ ಬಿಳಿ ಬನಿಯನ್ ಪೇಟೆ. 1978ರಲ್ಲಿ ಇಟಲಿಯ ವೆರೋನಾ ಎಂಬ ಬೈಯರ್ ಬಿಳಿ ಟಿ-ಶರ್ಟ್ ಹುಡುಕಿಕೊಂಡು ಬಂದದ್ದನ್ನು ಊರಿನವರು ರಫ್ತಿನ ಮೊದಲ ಹೆಜ್ಜೆ ಎಂದು ಹೇಳುತ್ತಾರೆ. 1985ರಲ್ಲಿ ರಫ್ತು ಸುಮಾರು 15 ಕೋಟಿ ರೂಪಾಯಿ. ಈಚಿನ ವರ್ಷಗಳಲ್ಲಿ ಅದು 30,000 ಕೋಟಿ ದಾಟಿದೆ. 1990ರಲ್ಲಿ ಎ. ಶಕ್ತಿವೇಲ್ ಅವರ ಮುಂದಾಳತ್ವದಲ್ಲಿ ರಫ್ತುದಾರರ ಸಂಘ ಹುಟ್ಟಿತು. ಅವಿನಾಶಿ ರಸ್ತೆಯ ತಿರುಮುರುಗನ್‌ಪೂಂಡಿಯಲ್ಲಿ ನಿಟ್ ಫೇರ್ ನಡೆಯತೊಡಗಿತು. ಬೈಯರ್ ಮತ್ತು ತಯಾರಕ ಮುಖಕ್ಕೆ ಮುಖ ನೋಡುವ ಜಾತ್ರೆ ಅದು.

ಇಷ್ಟು ದೊಡ್ಡ ವ್ಯಾಪಾರ ಒಂದೇ ಸೂರಿನಡಿ ನಡೆಯುವುದಿಲ್ಲ ಎಂಬುದನ್ನು ಗಮನಿಸಬೇಕು. ನಿಟಿಂಗ್ ಒಂದು ಕಡೆ, ಡೈಯಿಂಗ್ ಇನ್ನೊಂದು ಕಡೆ, ಕಾಂಪ್ಯಾಕ್ಟಿಂಗ್, ಪ್ರಿಂಟಿಂಗ್, ಎಂಬ್ರಾಯ್ಡರಿ ಮತ್ತೆಲ್ಲೋ. ಕಟಿಂಗ್, ಹೊಲಿಗೆಯ ಪವರ್ ಟೇಬಲ್, ಚೆಕಿಂಗ್, ಪ್ಯಾಕಿಂಗ್ ಮುಗಿಯುವಷ್ಟರಲ್ಲಿ ಒಂದು ಟಿ-ಶರ್ಟ್ ಹಲವು ಯೂನಿಟ್‌ಗಳ ಬಾಗಿಲು ಕಂಡಿರುತ್ತದೆ. ಪ್ರತಿ ಬಾಗಿಲಲ್ಲೂ ಜಾಬ್ ವರ್ಕ್, ಪ್ರತಿ ಬಾಗಿಲಲ್ಲೂ ಸಾಲ. ಬಣ್ಣ ಕೆಟ್ಟರೆ ಇಡೀ ಸರಪಳಿ ಕೆಡುತ್ತದೆ. ಇಂಥ ಊರಿನಲ್ಲಿ ‘ಯಾರು ಕಳಿಸಿದ್ದು’ ಎನ್ನುವುದು ಕುತೂಹಲದ ಪ್ರಶ್ನೆಯಾಗಲು ಸಾಧ್ಯವೇ ಇಲ್ಲ.

ಈಗ ಸಾಗರದಾಚೆಗೆ ಹೋಗೋಣ. 1997ರಲ್ಲಿ ‘ಸಿಕ್ಸ್‌ಡಿಗ್ರೀಸ್’ ಎಂಬ ತಾಣ ಅಮೆರಿಕದಲ್ಲಿ ಬಂತು. ಪರಿಚಯದವರ ಪರಿಚಯದವರ ಮೂಲಕ ಯಾರನ್ನಾದರೂ ಮುಟ್ಟಬಹುದು ಎಂಬ ಯೋಚನೆ ಅದರದ್ದು. ತಾಣ ಮುಚ್ಚಿದ ಮೇಲೆ ಅದರ ಪೇಟೆಂಟನ್ನು 2003ರಲ್ಲಿ ರೀಡ್ ಹಾಫ್‌ಮನ್ ಮತ್ತು ಮಾರ್ಕ್ ಪಿಂಕಸ್ 7 ಲಕ್ಷ ಡಾಲರಿಗೆ ಕೊಂಡರು. ಹಾಫ್‌ಮನ್ ಮತ್ತು ಸಂಗಡಿಗರು ಕಟ್ಟಿದ ಲಿಂಕ್ಡ್‌ಇನ್ ಅದೇ ವರ್ಷ ಮೇ 5ರಂದು ತೆರೆಯಿತು. ಮೊದಲ ತಿಂಗಳ ಕೊನೆಗೆ ಅಲ್ಲಿದ್ದವರು ಸುಮಾರು 4,500 ಜನ.

ಆ ಕಾಲದ ಲಿಂಕ್ಡ್‌ಇನ್ ತಿರುಪ್ಪೂರಿನ ರೀತಿಗೆ ಎಷ್ಟು ಹತ್ತಿರವಿತ್ತು ಎಂದು ನೋಡಿದರೆ ನನಗೆ ಇಂದಿಗೂ ಅಚ್ಚರಿ. ಗುರುತಿಲ್ಲದವರನ್ನು ಮುಟ್ಟಬೇಕಾದರೆ ನಡುವೆ ಇರುವ ಗೆಳೆಯರಿಗೆ ಮನವಿ ಕಳಿಸಬೇಕಿತ್ತು. ಅವರು ಓದಿ, ಸರಿ ಕಂಡರೆ ತಮ್ಮ ಮಾತು ಸೇರಿಸಿ ಮುಂದಕ್ಕೆ ದಾಟಿಸುತ್ತಿದ್ದರು. ಇಷ್ಟವಿಲ್ಲದಿದ್ದರೆ ಅಲ್ಲೇ ತಡೆಯುತ್ತಿದ್ದರು. ಬಾಗಿಲಲ್ಲಿ ಒಬ್ಬರು ನಿಂತು ‘ಇವರನ್ನು ನಾನು ಬಲ್ಲೆ’ ಎನ್ನುತ್ತಿದ್ದರು. ನಮ್ಮ ನೂಲಿನಂಗಡಿಯ ಹಿರಿಯರ ಪಾತ್ರವೇ ಅದು.

ಆದರೆ ಆ ದಾರಿ ನಿಧಾನ. ತಾಣ ಬೆಳೆಯಬೇಕಾದರೆ ಜನ ಬೇಗ ಬೇಗ ಸೇರಬೇಕು. ಇಮೇಲ್ ವಿಳಾಸ ಪುಸ್ತಕವನ್ನು ಒಟ್ಟಿಗೆ ಸೇರಿಸುವ ಸೌಲಭ್ಯ ಬಂತು, ‘ಇವರು ನಿಮಗೆ ಗೊತ್ತಿರಬಹುದು’ ಎಂಬ ಪಟ್ಟಿ ಬಂತು. ಒಮ್ಮೆ ಆಹ್ವಾನ ಹೋದರೆ ಸಾಲದೆಂದು ನೆನಪಿನ ಇಮೇಲ್‌ಗಳು ಕಳಿಸಿದವರ ಹೆಸರಿನಲ್ಲೇ ಮತ್ತೆ ಮತ್ತೆ ಹೋಗತೊಡಗಿದವು. ತಮ್ಮ ಒಪ್ಪಿಗೆಯಿಲ್ಲದೆ ತಮ್ಮ ಹೆಸರು ಬಳಸಲಾಗಿದೆ ಎಂದು ಅಮೆರಿಕದ ಬಳಕೆದಾರರು 2013ರಲ್ಲಿ ಕೋರ್ಟಿಗೆ ಹೋದರು. 2015ರಲ್ಲಿ 1.3 ಕೋಟಿ ಡಾಲರಿಗೆ ರಾಜಿಯಾಯಿತು. ಪರಿಚಯ ಹೇಳುವ ಹಿರಿಯರ ಜಾಗದಲ್ಲಿ ಯಂತ್ರ ಕೂತಿತ್ತು.

ಇನ್ನೊಂದು ತಿರುವು 2012ರ ಸೆಪ್ಟೆಂಬರಿನದು. ಅಲ್ಲಿಯವರೆಗೆ ಒಬ್ಬರ ಬಗ್ಗೆ ಒಳ್ಳೆಯ ಮಾತು ಹೇಳಬೇಕಾದರೆ ನಾಲ್ಕು ಸಾಲು ಬರೆಯಬೇಕಿತ್ತು. ಆಗ ಬಂದ ‘ಎಂಡೋರ್ಸ್‌ಮೆಂಟ್’ಗೆ ಒಂದು ಒತ್ತು ಸಾಕು. ಆರೇ ತಿಂಗಳಲ್ಲಿ ಇಂಥ ಒತ್ತುಗಳು 100 ಕೋಟಿ ದಾಟಿದವು. ಕೊಯಮತ್ತೂರಿನ ಕಾಲೇಜು ಹುಡುಗರ ಪ್ರೊಫೈಲ್ ನೋಡಿದರೆ ಇದರ ಫಲ ಕಾಣುತ್ತದೆ. ಪಿಎಸ್‌ಜಿ ಟೆಕ್, ಸಿಐಟಿ, ಜಿಸಿಟಿಯಂಥ ಹಳೆಯ ಕಾಲೇಜುಗಳ ಸುತ್ತ ಬೆಳೆದ ಊರು ಇದು. ಪ್ಲೇಸ್‌ಮೆಂಟ್ ವೇಳೆಗೆ ಪ್ರೊಫೈಲ್ ತೆರೆಯುವುದು ಹಾಲ್ ಟಿಕೆಟ್‌ನಷ್ಟೇ ಸಹಜ. ಮೂರನೇ ವರ್ಷದ ವಿದ್ಯಾರ್ಥಿಗೆ ‘ನಾಯಕತ್ವ’ದಲ್ಲಿ ಮೂವತ್ತು ಜನರ ಒಪ್ಪಿಗೆ ಇರುತ್ತದೆ, ಆ ಮೂವತ್ತೂ ಜನ ಅದೇ ಕ್ಲಾಸಿನವರು. ತಪ್ಪು ಹುಡುಗರದಲ್ಲ. ಹಾಗೆ ಮಾಡಿದರೆ ಕೆಲಸ ಸಿಗುತ್ತದೆ ಎಂದು ಅವರಿಗೆ ಹೇಳಿಕೊಟ್ಟಿದ್ದಾರೆ.

2014ರಿಂದ ಎಲ್ಲರೂ ಲಿಂಕ್ಡ್‌ಇನ್‌ನಲ್ಲಿ ಉದ್ದುದ್ದ ಬರೆಯಬಹುದಾಯಿತು. 2016ರಲ್ಲಿ ಮೈಕ್ರೋಸಾಫ್ಟ್ ಅದನ್ನು 2,620 ಕೋಟಿ ಡಾಲರಿಗೆ ಕೊಂಡಿತು. 2020ರ ಕೊರೊನಾ ಕಾಲದಲ್ಲಿ ‘ಕೆಲಸಕ್ಕೆ ಸಿದ್ಧ’ ಎಂಬ ಹಸಿರು ಉಂಗುರ ಫೋಟೊ ಸುತ್ತ ಬಂತು. 2023ರಲ್ಲಿ ಭಾರತದ ಸದಸ್ಯರು 10 ಕೋಟಿ ದಾಟಿದರು.

ಆ ಹಸಿರು ಉಂಗುರದ ಬಗ್ಗೆ ಒಂದು ಮಾತು. ತಿರುಪ್ಪೂರಿನ ಗೋಡೆ, ಕಂಬ, ಕಂಪನಿ ಗೇಟುಗಳ ಮೇಲೆ ‘ಆಟ್ಕಳ್ ತೇವೈ’, ಆಳು ಬೇಕಾಗಿದ್ದಾರೆ ಎಂಬ ಬೋರ್ಡುಗಳು ವರ್ಷವಿಡೀ ಇರುತ್ತವೆ: ಟೈಲರ್, ಚೆಕಿಂಗ್, ಹೆಲ್ಪರ್. ಅಲ್ಲಿ ಕಂಪನಿ ಬಾಯಿಬಿಟ್ಟು ಕೇಳುತ್ತದೆ, ಕೆಲಸಗಾರ ಒಳಗೆ ಹೋಗಿ ಅದೇ ದಿನ ಮಾತಾಡುತ್ತಾನೆ. ಜಾಲತಾಣದಲ್ಲಿ ಓದಿದ ಹುಡುಗಿ ತನ್ನ ಫೋಟೊದ ಮೇಲೇ ಬೋರ್ಡು ಹಾಕಿಕೊಂಡು ಕಾಯಬೇಕು. ಒಂದು ಒತ್ತಿನಲ್ಲಿ ಅರ್ಜಿ ಹೋಗುತ್ತದೆ, ನೂರಾರು ಜನರದೂ ಹಾಗೆಯೇ ಹೋಗಿರುತ್ತದೆ. ಉತ್ತರ ಬರುವುದಿಲ್ಲ. ‘ನಿಮ್ಮ ಪ್ರೊಫೈಲನ್ನು ಇಷ್ಟು ಜನ ನೋಡಿದ್ದಾರೆ’ ಎಂಬ ಸೂಚನೆ ಮಾತ್ರ ಬರುತ್ತದೆ. ಯಾರೆಂದು ಪೂರ್ತಿ ತಿಳಿಯಲು ಪ್ರೀಮಿಯಂ ಹಣ ಕಟ್ಟಬೇಕು. ಕೆಲಸ ಕಳೆದುಕೊಂಡವರ ಆತಂಕಕ್ಕೆ ಮಸುಕು ಮುಖಗಳನ್ನು ತೋರಿಸಿ ದುಡ್ಡು ಕೇಳುವ ಈ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಕಂಪನಿ ಗೇಟಿನಲ್ಲಿ ಕೂತಿರುವವರೂ ‘ಪಾಕಲಾಂ’, ನೋಡೋಣ ಎಂದಾದರೂ ಹೇಳುತ್ತಾರೆ.

ಹಾಗಾದರೆ ಹಳೆಯ ದಾರಿಯೇ ಚೆನ್ನಾಗಿತ್ತೆ? ಇಲ್ಲ ಎನ್ನಲು ತಿರುಪ್ಪೂರಿನಲ್ಲೇ ಸಾಕ್ಷಿಯಿದೆ. ಕೈವನ್ ಮುನ್ಷಿ ಮತ್ತು ಮುಂದೆ 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ ಇಲ್ಲಿನ ನಿಟ್‌ವೇರ್ ಕಂಪನಿಗಳನ್ನು ಅಧ್ಯಯನ ಮಾಡಿ 2004ರಲ್ಲಿ ಪ್ರಕಟಿಸಿದರು. ಸ್ಥಳೀಯ ಗೌಂಡರ್ ಸಮುದಾಯದ ಮಾಲೀಕರ ಕೈಗೆ ಬಂಡವಾಳ ಹೆಚ್ಚು ಸಿಗುತ್ತಿತ್ತು. ಹೊರಗಿನಿಂದ ಬಂದವರು ಕಡಿಮೆ ಹಣದಲ್ಲಿ ಶುರು ಮಾಡಿದರೂ ಅವರ ಉತ್ಪಾದನೆ ಹೆಚ್ಚು ವೇಗವಾಗಿ ಬೆಳೆಯುತ್ತಿತ್ತು. ಎಂದರೆ ಹಣ ಸಾಮರ್ಥ್ಯವನ್ನು ಹುಡುಕಿಕೊಂಡು ಹೋಗುತ್ತಿರಲಿಲ್ಲ, ನಂಟನ್ನು ಹಿಡಿದು ಹೋಗುತ್ತಿತ್ತು. ಅದೇ ವರ್ಷ ಶರದ್ ಚಾರಿ ಅವರ ಪುಸ್ತಕವೂ ಬಂತು. ಹೊಲದಲ್ಲಿ ದುಡಿದ ಗೌಂಡರ್‌ಗಳು ಕಾರ್ಮಿಕರಾಗಿ ಸೇರಿ, ಪರಸ್ಪರರ ಬಲದಿಂದ ಮಾಲೀಕರಾದ ಬಗೆಯನ್ನು ಅದು ಹೇಳುತ್ತದೆ. ಒಂದೇ ನಂಟು ಒಬ್ಬರನ್ನು ಎತ್ತಿತು, ಇನ್ನೊಬ್ಬರನ್ನು ಬಾಗಿಲಲ್ಲೇ ನಿಲ್ಲಿಸಿತು. ‘ಯಾರು ಕಳಿಸಿದ್ದು’ ಎಂಬ ಪ್ರಶ್ನೆಗೆ ಹೇಳಲು ಹೆಸರಿಲ್ಲದವರು, ಅದರಲ್ಲೂ ದಲಿತ ಕುಟುಂಬಗಳಿಂದ ಬಂದ ಮೊದಲ ಪದವೀಧರರು, ಆ ಪ್ರಶ್ನೆಯ ಭಾರವನ್ನು ಬಲ್ಲರು. ಅವರಿಗೆ ಲಿಂಕ್ಡ್‌ಇನ್ ಒಂದು ಕಿಟಕಿ. ಅದನ್ನು ಹಗುರವಾಗಿ ಕಾಣುವ ಹಕ್ಕು, ಮಾವ ಚಿಕ್ಕಪ್ಪಂದಿರ ಹೆಸರು ಹೇಳಿ ಒಳಗೆ ಹೋದ ನಮಗಿಲ್ಲ.

ಈ ಕಿಟಕಿ ಕೆಲಸ ಮಾಡುತ್ತದೆ ಎಂಬುದಕ್ಕೂ ಪುರಾವೆ ಉಂಟು. ಹತ್ತಿರದವರಿಗಿಂತ ಅಷ್ಟಾಗಿ ಬಳಕೆಯಿಲ್ಲದ ಪರಿಚಿತರಿಂದಲೇ ಕೆಲಸದ ಸುದ್ದಿ ಸಿಗುತ್ತದೆ ಎಂದು ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಹೇಳಿದ್ದರು. ಹತ್ತಿರದವರಿಗೆ ಗೊತ್ತಿರುವುದೆಲ್ಲ ನಮಗೂ ಗೊತ್ತಿರುತ್ತದಲ್ಲ. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಲಿಂಕ್ಡ್‌ಇನ್‌ನ 2 ಕೋಟಿ ಬಳಕೆದಾರರ ಐದು ವರ್ಷಗಳ ಮಾಹಿತಿ ಇಟ್ಟುಕೊಂಡು ಇದನ್ನು ಪರೀಕ್ಷಿಸಿತು. ತೀರಾ ಹತ್ತಿರದವರಿಂದಲೂ ಅಲ್ಲ, ತೀರಾ ದೂರದವರಿಂದಲೂ ಅಲ್ಲ, ಒಂದಿಷ್ಟು ಮಂದಿ ಸಮಾನ ಗೆಳೆಯರಿರುವ ಅರೆಪರಿಚಿತರಿಂದಲೇ ಕೆಲಸ ಬದಲಾವಣೆಗೆ ಹೆಚ್ಚು ನೆರವು ಒದಗಿತು ಎಂದು ಅದು ತೋರಿಸಿತು. ‘ಐನೂರು ಪ್ಲಸ್’ ಎಂದು ಬೀಗುವ ಪಟ್ಟಿಯಲ್ಲಿ ಅಂಥ ಅರೆಪರಿಚಿತರು ಎಷ್ಟಿದ್ದಾರು? ಕಂಡವರನ್ನೆಲ್ಲ ಸೇರಿಸಿಕೊಳ್ಳುವ ಅಭ್ಯಾಸ ಅವರನ್ನು ಗುಂಪಿನಲ್ಲಿ ಮರೆಮಾಡುತ್ತದೆ.

ನಡುವೆ ಒಂದು ಸಣ್ಣ ಸಂಗತಿ ಹೇಳದೆ ಇರಲಾರೆ. ಪ್ರೊಫೈಲಿನಲ್ಲಿ ಭಾಷೆಗಳನ್ನು ನಮೂದಿಸುವ ಜಾಗವಿದೆ. ಎಷ್ಟರ ಮಟ್ಟಿಗೆ ಬಲ್ಲಿರಿ ಎಂದು ಆರಿಸಬೇಕು. ಕೊಯಮತ್ತೂರಿನ ದೇವಾಂಗರ ಹುಡುಗ ಅಲ್ಲಿ ಏನು ಆರಿಸಬೇಕು? ಅಜ್ಜಿಯೊಡನೆ ಕನ್ನಡ, ಬೀದಿಯಲ್ಲಿ ತಮಿಳು, ಅಕ್ಷರ ಕಲಿತದ್ದು ತಮಿಳಿನದು. ಕನ್ನಡ ಅವನ ತಾಯಿನುಡಿ, ಓದಲು ಬರುವುದಿಲ್ಲ. ಕೆಲವರು ‘ಮಾತೃಭಾಷೆ’ ಎಂದು ಒತ್ತುತ್ತಾರೆ, ಹಲವರು ಕನ್ನಡವನ್ನು ಬಿಟ್ಟೇ ಬಿಡುತ್ತಾರೆ. ಹಾಗೆ ಬಿಟ್ಟುಹೋದ ಪ್ರೊಫೈಲುಗಳನ್ನು ಕಂಡಾಗ ಮನಸ್ಸಿಗೆ ನೋವಾಗುತ್ತದೆ.

ಕೆಲಸ ಹುಡುಕುವವರಿಗೆ ಲಿಂಕ್ಡ್‌ಇನ್ ಕಿಟಕಿಯಾದೀತು, ವ್ಯಾಪಾರದಲ್ಲಿ ಮಾತ್ರ ಬರಿಯ ಕಿಟಕಿ ಸಾಲದು. 2023ರಲ್ಲಿ ಭಾರತದ ಸದಸ್ಯರಿಗೆ ಡಿಜಿಲಾಕರ್ ಮೂಲಕ ಆಧಾರ್ ತೋರಿಸಿ ಗುರುತು ದೃಢಪಡಿಸಿಕೊಳ್ಳುವ ಏರ್ಪಾಡು ಬಂತು. ಒಳ್ಳೆಯದೇ. ಆದರೆ ಆಧಾರ್ ಹೇಳುವುದು ಇವರು ಇವರೇ ಎಂದು. ಕಂಟೇನರ್ ಹಡಗು ಹತ್ತಿದ ಮೇಲೆ ಹಣ ಕೊಡುತ್ತಾರೆಯೇ ಎಂದಲ್ಲ. ಅದಕ್ಕೆ ಬ್ಯಾಂಕಿನ ಎಲ್‌ಸಿ, ಎಂದರೆ ಹಣ ಪಾವತಿಯ ಭರವಸೆ ಪತ್ರ ಬೇಕು, ಇಲ್ಲವೇ 1957ರಿಂದ ರಫ್ತು ಸಾಲಕ್ಕೆ ವಿಮೆ ಕೊಡುತ್ತಿರುವ ಇಸಿಜಿಸಿ. ಆ ಸಂಸ್ಥೆ ಬೈಯರ್ ಒಬ್ಬೊಬ್ಬರನ್ನೂ ತೂಗಿ ನೋಡಿ ಇಷ್ಟರವರೆಗೆ ಸಾಲಕ್ಕೆ ಮಾಲು ಕೊಡಬಹುದು ಎಂದು ಮಿತಿ ಹಾಕುತ್ತದೆ. ಹಾಕಿದ ಮೇಲೆ ಹೊಣೆಯಲ್ಲಿ ಪಾಲು ಹೊರುತ್ತದೆ.

ಮತ್ತೆ ಆ ಆಫೀಸಿಗೆ ಬರೋಣ. ಮಧ್ಯಾಹ್ನದ ಹೊತ್ತಿಗೆ ಒಬ್ಬ ಬೈಯರ್ ಉತ್ತರಿಸಿದ್ದಾನೆ. ಪ್ರೊಫೈಲ್ ಚೆನ್ನಾಗಿದೆ, ಸಾವಿರಾರು ಕನೆಕ್ಷನ್ ಇವೆ, ನಡುವೆ ಇಪ್ಪತ್ತು ಜನ ಸಮಾನ ಪರಿಚಿತರು. ಮೂವತ್ತು ಸಾವಿರ ಪೀಸ್‌ಗೆ ದರ ಕೇಳಿದ್ದಾನೆ. ಮರ್ಚಂಡೈಸರ್ ಖುಷಿಯಿಂದ ಮಾಲೀಕರ ಕೋಣೆಗೆ ಹೋಗಿ ಫೋನ್ ತೋರಿಸುತ್ತಾರೆ. ಮಾಲೀಕರು ಕನ್ನಡಕ ಸರಿಮಾಡಿಕೊಂಡು ಆ ಇಪ್ಪತ್ತು ಹೆಸರುಗಳನ್ನು ಮೇಲಿಂದ ಕೆಳಗೆ ಓದುತ್ತಾರೆ. ಹನ್ನೊಂದನೆಯ ಹೆಸರಿಗೆ ಬೆರಳು ನಿಲ್ಲುತ್ತದೆ. ಮೇಜಿನ ಮೇಲಿದ್ದ ತಮ್ಮ ಫೋನ್ ಎತ್ತಿ ಆ ಹೆಸರಿನವರಿಗೆ ಕರೆ ಮಾಡುತ್ತಾರೆ. ‘ಅಣ್ಣಾ, ನಲ್ಲಾ ಇರುಕೀಂಗಳಾ?’ ಎಂದು ಮಾತು ಶುರುವಾಗುತ್ತದೆ. ಮರ್ಚಂಡೈಸರ್ ಬಾಗಿಲ ಬಳಿ ನಿಂತು ಕಾಯುತ್ತಾರೆ.