ಓತಿಯ ಗುಣ, ಓತಿಯ ಊಟ

ಆಸ್ಟ್ರೇಲಿಯಾದ ಒಳನಾಡಿನ ಒಣ ಬಯಲಿನಲ್ಲಿ ಬೇಲಿಗೂಟದ ಮೇಲೋ ಒರಗಿದ ಮರದ ಮೇಲೋ ಬಿಸಿಲಿಗೆ ಮೈಯೊಡ್ಡಿ ಕೂರುವ ಬಿಯರ್ಡೆಡ್ ಡ್ರ್ಯಾಗನ್, ಅಂದರೆ ಗಡ್ಡದ ಓತಿ, ಇಂದು ಅಮೆರಿಕ ಮತ್ತು ಯುರೋಪಿನ ಮನೆಗಳಲ್ಲಿ ಅತಿ ಹೆಚ್ಚು ಸಾಕುವ ಸರೀಸೃಪಗಳಲ್ಲಿ ಒಂದು. ನಮ್ಮ ಬೇಲಿಯ ಮೇಲೆ ಕುಳಿತು ತಲೆ ಕುಣಿಸುವ ಓತಿಕ್ಯಾತ, ಮಲೆನಾಡಿನ ಹಾರುವ ಓತಿ ಮತ್ತು ಇದು ಅಗಾಮಿಡೇ ಎಂಬ ಒಂದೇ ಕುಟುಂಬಕ್ಕೆ ಸೇರಿವೆ. ಮೂಗಿನಿಂದ ಬಾಲದ ತುದಿಯವರೆಗೆ ಸುಮಾರು ಅರ್ಧ ಮೀಟರ್ ಬೆಳೆಯುವ ಈ ಪ್ರಾಣಿ ಜನರನ್ನು ಸೆಳೆದದ್ದು ತನ್ನ ನಡವಳಿಕೆಯಿಂದ. ಕೋಪ ಬಂದರೆ ಗಂಟಲ ಕೆಳಗಿನ ಮುಳ್ಳುಮುಳ್ಳಾದ ಗಡ್ಡ ಉಬ್ಬಿ ಕಪ್ಪಾಗುತ್ತದೆ. ಎದುರಾಳಿ ಬಲಶಾಲಿ ಅನ್ನಿಸಿದರೆ ಮುಂಗಾಲೆತ್ತಿ ನಿಧಾನವಾಗಿ ಗಾಳಿಯಲ್ಲಿ ಸುತ್ತಿಸುತ್ತದೆ. ಸಾಕಿದವರಿಗೆ ಅದು ಕೈಬೀಸಿ ಕರೆದಂತೆ ಕಾಣುತ್ತದೆ. ಓತಿಗಳ ನಡುವೆ ಅದು ಶರಣಾಗತಿಯ ಸನ್ನೆ. ಹೀಗೆ ಸ್ವಭಾವ ಕಂಡು ಮರುಳಾಗಿ ಪ್ರಾಣಿಯನ್ನು ಆರಿಸುವವರು ಒಂದು ಮುಖ್ಯ ಸಂಗತಿಯನ್ನು ಮರೆಯುತ್ತಾರೆ. ಬಿಸಿ, ಬೆಳಕು ಮತ್ತು ಆಹಾರ ಸರಿಯಾಗಿ ಸಿಕ್ಕಾಗ ಮಾತ್ರ ಓತಿಯ ಈ ಗುಣಗಳು ಹೊರಗೆ ಬರುತ್ತವೆ. ಆದ್ದರಿಂದ ಯಾವ ಓತಿಯ ಗುಣ ಚೆನ್ನ ಎಂದು ಕೇಳುವ ಮೊದಲು, ಯಾವ ಓತಿಗೆ ಅದರ ಊಟವನ್ನು ಹತ್ತು ವರ್ಷ ತಪ್ಪದೆ ಕೊಡಬಲ್ಲೆ ಎಂದು ಕೇಳಿಕೊಳ್ಳಬೇಕು.

ಹಲ್ಲಿ, ಓತಿಗಳಿಗೆ ಸ್ವಭಾವವೆಂಬುದೇ ಇಲ್ಲ, ಇರುವುದೆಲ್ಲ ಹುಟ್ಟರಿವು, ಉಳಿದದ್ದು ಸಾಕಿದವರ ಕಲ್ಪನೆ ಎನ್ನುವವರಿದ್ದಾರೆ. ಈ ಆಕ್ಷೇಪವನ್ನು ತಳ್ಳಿಹಾಕದೆ ಪರಿಶೀಲಿಸಬೇಕು, ಏಕೆಂದರೆ ಬಹುಕಾಲ ವಿಜ್ಞಾನಿಗಳ ನಿಲುವೂ ಹೆಚ್ಚುಕಡಿಮೆ ಇದೇ ಆಗಿತ್ತು. ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದ ಆನಾ ವಿಲ್ಕಿನ್ಸನ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಪ್ರಯೋಗ ಅದನ್ನು ಅಲುಗಾಡಿಸಿತು. ತರಬೇತಾದ ಒಂದು ಗಡ್ಡದ ಓತಿ ಜಾಲರಿಯ ಬಾಗಿಲನ್ನು ಪಕ್ಕಕ್ಕೆ ಸರಿಸಿ ಆಹಾರ ತಲುಪುವುದನ್ನು ಇತರ ಓತಿಗಳಿಗೆ ತೋರಿಸಲಾಯಿತು. ಅದನ್ನು ಕಂಡವು ಅದೇ ರೀತಿ, ಅದೇ ದಿಕ್ಕಿಗೆ ಬಾಗಿಲು ಸರಿಸಲು ಕಲಿತವು. ಬಾಗಿಲು ತಾನಾಗಿ ಸರಿದುಕೊಳ್ಳುವುದನ್ನಷ್ಟೇ ಕಂಡವು ಕಲಿಯಲಿಲ್ಲ. ನೋಡಿ ಕಲಿಯುವ ಶಕ್ತಿ ಸರೀಸೃಪಕ್ಕೂ ಉಂಟು ಎಂಬುದಕ್ಕೆ ಇದು ಗಟ್ಟಿ ಸಾಕ್ಷ್ಯ. ಇದೇ ಬಳಗ 2017ರಲ್ಲಿ ಇನ್ನೊಂದು ಸಂಗತಿಯನ್ನು ಪ್ರಕಟಿಸಿತು, ನನ್ನ ವಾದಕ್ಕೆ ಅದೇ ಹೆಚ್ಚು ಹತ್ತಿರ. ಸುಮಾರು 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾವು ಪಡೆದ ಮೊಟ್ಟೆಗಳಿಂದ ಬಂದ ಓತಿಗಳು, 30 ಡಿಗ್ರಿಯಲ್ಲಿ ಕಾವು ಪಡೆದವುಗಳಿಗಿಂತ ಬೇಗ, ಬೇರೆಯವುಗಳನ್ನು ನೋಡಿ ಕಲಿಯುತ್ತಿದ್ದವು. ಈ ವ್ಯತ್ಯಾಸ ಅವು ಬೆಳೆದು ದೊಡ್ಡವಾದ ಮೇಲೂ ಉಳಿದಿತ್ತು. ಮೊಟ್ಟೆಯೊಳಗಿನ ಮೂರು ಡಿಗ್ರಿ ಒಂದು ಜೀವದ ಬುದ್ಧಿಯ ಮೇಲೆ ಗುರುತು ಬಿಡುವುದಾದರೆ, ಮುಂದಿನ ವರ್ಷಗಳಲ್ಲಿ ನಾವು ಒದಗಿಸುವ ಬಿಸಿ ಮತ್ತು ಆಹಾರಗಳ ಪ್ರಭಾವವನ್ನು ಲಘುವಾಗಿ ಎಣಿಸಲಾಗದು. ಸ್ವಭಾವ ಇದೆ, ನಿಜ. ಆದರೆ ಅದು ಸುತ್ತಲಿನ ಪರಿಸರದೊಂದಿಗೆ ಹೆಣೆದುಕೊಂಡಿದೆ.

ಆಯ್ಕೆಯ ವಿಷಯದಲ್ಲಿ ಗಡ್ಡದ ಓತಿಗೆ ಪ್ರತಿಸ್ಪರ್ಧಿಗಳು ಕಡಿಮೆ. ಹಸಿರು ಇಗುವಾನಾ ಸೊಪ್ಪು ತಿನ್ನುತ್ತ ಒಂದೂವರೆ ಮೀಟರ್ ದಾಟಿ ಬೆಳೆಯುತ್ತದೆ, ಬೆದೆಯ ಕಾಲದಲ್ಲಿ ಗಂಡು ಸಾಕಿದವರ ಮೇಲೇ ಎರಗಬಹುದು. ಗೋಸುಂಬೆಯ ಜಾತಿಯವಕ್ಕೆ ಮನುಷ್ಯನ ಕೈ ತಾಗುವುದೇ ಒತ್ತಡ. ಲೆಪರ್ಡ್ ಗೆಕೊ ಸಾಧು ಪ್ರಾಣಿ, ಆದರೆ ಮುಸ್ಸಂಜೆಯಲ್ಲಿ ಓಡಾಡುವಂಥದ್ದು, ಕೀಟಗಳನ್ನಷ್ಟೇ ತಿನ್ನುತ್ತದೆ. ದಕ್ಷಿಣ ಅಮೆರಿಕದ ಟೆಗು ಸಾಕಿದವರೊಂದಿಗೆ ಚೆನ್ನಾಗಿ ಬೆರೆಯುತ್ತದೆ ಎಂಬ ಹೆಸರು ಪಡೆದಿದ್ದರೂ ಒಂದು ಮೀಟರಿಗೂ ಮಿಗಿಲಾಗಿ ಬೆಳೆದು ಕೋಣೆಯನ್ನೇ ಬೇಡುತ್ತದೆ. ಫ್ಲಾರಿಡಾದಲ್ಲಿ ಅದೂ ಇಗುವಾನಾವೂ ಕಾಡು ಸೇರಿ ಉಪದ್ರವವಾಗಿವೆ. ಹಗಲಿನಲ್ಲಿ ಎಚ್ಚರವಿರುವ, ಕೈಯಲ್ಲಿ ಹಿಡಿದರೆ ಗಾಬರಿಯಾಗದ, ಸೊಪ್ಪು ಮತ್ತು ಕೀಟ ಎರಡನ್ನೂ ತಿನ್ನುವ ಗಡ್ಡದ ಓತಿ ಇವುಗಳಲ್ಲಿ ಹೆಚ್ಚು ಒಪ್ಪುತ್ತದೆ. ಆದರೆ ಅದರ ಶಾಂತತೆಯೇ ಅಪಾಯಕಾರಿಯೂ ಹೌದು. ಮೈಯಲ್ಲಿ ಬಿಸಿ ಸಾಲದ ಓತಿ, ಕ್ಯಾಲ್ಸಿಯಂ ಕೊರತೆಯಿಂದ ಸ್ನಾಯು ಸೋತ ಓತಿ, ಸೋಂಕಿನಿಂದ ಬಸವಳಿದ ಓತಿ ಇವೆಲ್ಲವೂ ಶಾಂತವಾಗಿಯೇ ಕಾಣುತ್ತವೆ. ಅಂಗಡಿಯಲ್ಲಿ ಮುಟ್ಟಿದರೂ ಕದಲದೆ ಅಂಗೈಯಲ್ಲಿ ಮಲಗಿದ ಮರಿಯನ್ನು ಸಾಧು ಎಂದು ಮೆಚ್ಚಿ ಕೊಳ್ಳುವವರು ಎಷ್ಟೋ ಸಲ ರೋಗಿಯನ್ನು ಮನೆಗೆ ತರುತ್ತಾರೆ. ಆರೋಗ್ಯವಂತ ಮರಿ ಕಣ್ಣರಳಿಸಿ ಸುತ್ತ ನೋಡುತ್ತದೆ, ನಾಲ್ಕೂ ಕಾಲಿನ ಮೇಲೆ ಹೊಟ್ಟೆಯನ್ನು ನೆಲದಿಂದ ಎತ್ತಿ ನಡೆಯುತ್ತದೆ, ಹುಳು ಕಂಡರೆ ನುಗ್ಗುತ್ತದೆ.

ಊಟದ ಮಾತಿಗೆ ಮೊದಲು ಬಿಸಿ ಮತ್ತು ಬೆಳಕಿನ ಮಾತು ಬೇಕು, ಅವಿಲ್ಲದೆ ತಿಂದದ್ದು ಮೈಗೆ ಹತ್ತುವುದಿಲ್ಲ. ಓತಿ ತನ್ನ ಮೈಯ ಬಿಸಿಯನ್ನು ಹೊರಗಿನಿಂದ ಪಡೆಯುವ ಜೀವಿ. ಹೊಟ್ಟೆ ತುಂಬಿದ ಮೇಲೆ ಬೆಚ್ಚನೆಯ ಜಾಗ ಸಿಗದಿದ್ದರೆ ಆಹಾರ ಜೀರ್ಣವಾಗದೆ ಒಳಗೇ ಕೊಳೆಯುತ್ತದೆ. ಗೂಡಿನ ಒಂದು ತುದಿಯಲ್ಲಿ ದೀಪದ ಕೆಳಗೆ ಸುಮಾರು 40 ಡಿಗ್ರಿ, ಇನ್ನೊಂದು ತುದಿಯಲ್ಲಿ 25 ಡಿಗ್ರಿಯ ಆಸುಪಾಸು ಇದ್ದರೆ ಅದು ಅತ್ತಿಂದಿತ್ತ ಓಡಾಡಿ ತನಗೆ ಬೇಕಾದಷ್ಟು ಬಿಸಿ ಹಿಡಿದುಕೊಳ್ಳುತ್ತದೆ. ಬೆಳಕಿನ ವಿಚಾರ ಇನ್ನೂ ಸೂಕ್ಷ್ಮ. ನೇರಳಾತೀತ ಕಿರಣಗಳಲ್ಲಿ ಯುವಿಬಿ ಎಂಬ ಭಾಗ ಚರ್ಮಕ್ಕೆ ಬಿದ್ದಾಗ ಅಲ್ಲಿ ಡಿ3 ಜೀವಸತ್ವ ತಯಾರಾಗುತ್ತದೆ. ಕರುಳು ಕ್ಯಾಲ್ಸಿಯಂ ಹೀರಿಕೊಳ್ಳಲು ಆ ಜೀವಸತ್ವ ಬೇಕು. ಕಿಟಕಿಯ ಪಕ್ಕ ಗೂಡಿಟ್ಟರೆ ಸಾಕಲ್ಲ ಎಂದು ಅನೇಕರು ಭಾವಿಸುತ್ತಾರೆ, ಆದರೆ ಕಿಟಕಿಯ ಗಾಜು ಯುವಿಬಿಯನ್ನು ತಡೆದುಬಿಡುತ್ತದೆ. ಹಾಗಾದರೆ ಡಿ3 ಪುಡಿಯನ್ನೇ ಊಟಕ್ಕೆ ಬೆರೆಸಬಾರದೇ ಎಂಬ ಪ್ರಶ್ನೆಯೂ ಸಹಜ. ನೆದರ್ಲೆಂಡ್ಸಿನ ಡೆನಿಸ್ ಊನಿಂಕ್ಸ್ ಮತ್ತು ಸಂಗಡಿಗರು 2010ರಲ್ಲಿ ಇದನ್ನೇ ಮರಿಗಳಲ್ಲಿ ಪರೀಕ್ಷಿಸಿದರು. ಯುವಿಬಿ ಬೆಳಕಿನಲ್ಲಿ ಬೆಳೆದ ಮರಿಗಳ ರಕ್ತದಲ್ಲಿ ಡಿ3ಯಿಂದ ಉತ್ಪನ್ನವಾಗುವ ವಸ್ತುಗಳು ಸಮೃದ್ಧವಾಗಿದ್ದವು, ಬಾಯಿಯ ಮೂಲಕ ಡಿ3 ಕೊಟ್ಟ ಮರಿಗಳಲ್ಲಿ ಅವು ಬಹಳ ಕಡಿಮೆ ಇದ್ದವು. ಚಮಚೆಯಲ್ಲಿ ಅಳೆದು ಕೊಡುವ ಪುಡಿ ಬಿಸಿಲಿನ ಸ್ಥಾನ ತುಂಬಲಿಲ್ಲ.

ಕ್ಯಾಲ್ಸಿಯಂ ಮತ್ತು ರಂಜಕಗಳ ಪ್ರಮಾಣ ಈ ಓತಿಯ ಊಟದ ತಿರುಳು. ಎರಡು ಭಾಗ ಕ್ಯಾಲ್ಸಿಯಂಗೆ ಒಂದು ಭಾಗ ರಂಜಕ ಎಂಬುದು ಪಶುವೈದ್ಯರು ಹೇಳುವ ಗುರಿ. ಸಾಕುಪ್ರಾಣಿಗಳಿಗೆಂದು ಮಾರುವ ಕ್ರಿಕೆಟ್ ಹುಳುಗಳಲ್ಲಾದರೋ ಇದು ತಲೆಕೆಳಗಾಗಿದೆ, ಅವುಗಳಲ್ಲಿ ಕ್ಯಾಲ್ಸಿಯಂಗಿಂತ ರಂಜಕವೇ ಹಲವು ಪಟ್ಟು ಹೆಚ್ಚು. ಬರೀ ಅವನ್ನೇ ತಿನ್ನಿಸಿದರೆ ರಕ್ತದ ಕ್ಯಾಲ್ಸಿಯಂ ಮಟ್ಟ ಕಾಯಲು ಪ್ಯಾರಾಥೈರಾಯ್ಡ್ ಗ್ರಂಥಿ ಎಲುಬುಗಳಿಂದಲೇ ಅದನ್ನು ಬಸಿಯತೊಡಗುತ್ತದೆ. ಕ್ರಮೇಣ ದವಡೆ ಮೆತ್ತಗಾಗುತ್ತದೆ, ಕಾಲು ಸೊಟ್ಟಗಾಗುತ್ತದೆ, ಮೈ ನಡುಗುತ್ತದೆ, ಸಣ್ಣ ಜಿಗಿತಕ್ಕೂ ಮೂಳೆ ಮುರಿಯುತ್ತದೆ. ತಡೆಯುವ ಉಪಾಯ ಕಷ್ಟವೇನಲ್ಲ: ಹುಳುಗಳಿಗೆ ಮೊದಲೇ ಒಳ್ಳೆಯ ಮೇವು ಹಾಕಿ ಅವುಗಳ ಹೊಟ್ಟೆ ತುಂಬಿಸಬೇಕು, ಓತಿಗೆ ಕೊಡುವಾಗ ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಬೇಕು, ಸ್ವಭಾವತಃ ಕ್ಯಾಲ್ಸಿಯಂ ಹೆಚ್ಚಿರುವ ಬ್ಲ್ಯಾಕ್ ಸೋಲ್ಜರ್ ನೊಣದ ಮರಿಹುಳುಗಳನ್ನೂ ಸೇರಿಸಬೇಕು. ಬೆಳೆಯುವ ಮರಿಗೆ ದಿನವೂ ಕೀಟಗಳು ಬೇಕು. ವರ್ಷ ತುಂಬುತ್ತ ಬಂದಂತೆ ತಟ್ಟೆಯ ಹೆಚ್ಚಿನ ಭಾಗವನ್ನು ಸೊಪ್ಪು, ತರಕಾರಿ ಆಕ್ರಮಿಸಬೇಕು. ಸಾಸಿವೆ ಸೊಪ್ಪು, ಡ್ಯಾಂಡೆಲಿಯನ್ ಎಲೆ, ಸಿಹಿಗುಂಬಳ ಒಳ್ಳೆಯವು. ಪಾಲಕ್‌ನಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುವುದರಿಂದ ಅದು ದಿನನಿತ್ಯಕ್ಕೆ ತಕ್ಕದ್ದಲ್ಲ. ಬೆಣ್ಣೆಹಣ್ಣು ವಿಷ. ಅಂಗಳದಲ್ಲಿ ಹಿಡಿದ ಮಿಂಚುಹುಳು ಅದಕ್ಕಿಂತ ಘೋರ: ಅಮೆರಿಕದ ಮಿಂಚುಹುಳುಗಳಲ್ಲಿರುವ ಲೂಸಿಬುಫಾಜಿನ್ ಎಂಬ ಹೃದಯವಿಷದಿಂದ ಸಾಕಿದ ಗಡ್ಡದ ಓತಿಗಳು ಸತ್ತ ದಾಖಲೆಗಳಿವೆ, ಅದಕ್ಕೆ ಒಂದೇ ಹುಳು ಸಾಕು.

ಕಾಡಿನಲ್ಲಿ ಅದು ತಿನ್ನುವುದನ್ನೇ ಕೊಟ್ಟರೆ ಆಯಿತಲ್ಲ, ಲೆಕ್ಕಾಚಾರವೇಕೆ ಎಂಬ ಆಕ್ಷೇಪಕ್ಕೆ ಇನ್ನೂ ಉತ್ತರ ಬಾಕಿಯಿದೆ. ಊನಿಂಕ್ಸ್ ಅವರ ಬಳಗವೇ ಕಾಡಿನ ಓತಿಗಳ ಹೊಟ್ಟೆಯಲ್ಲಿದ್ದ ಆಹಾರವನ್ನು ಪರೀಕ್ಷಿಸಿ 2015ರಲ್ಲಿ ವರದಿ ಮಾಡಿತು. ಅರ್ಧಕ್ಕಿಂತ ಹೆಚ್ಚು ಭಾಗ ಗೆದ್ದಲೇ ಆಗಿತ್ತು, ಅದರಲ್ಲೂ ಮುಖ್ಯವಾಗಿ ರೆಕ್ಕೆ ಬಂದ ಈಸಲು. ಹಾಗೆಂದು ಇದನ್ನು ಹಿಡಿದು ಬೆಳೆದ ಓತಿಗೂ ಕೀಟದ ಊಟವೇ ಸರಿ ಎನ್ನುವುದು ಅವಸರದ ತೀರ್ಮಾನ. ಈಸಲು ಏಳುವುದು ವರ್ಷದ ಕೆಲವೇ ದಿನ. ಸಿಕ್ಕಾಗ ಮೈತುಂಬ ತಿಂದು, ಸಿಗದಾಗ ಎಲೆ ಹೂವುಗಳಲ್ಲಿ ಕಾಲ ನೂಕಿ, ಚಳಿಗಾಲದಲ್ಲಿ ಅಡಗಿ ಕೂರುವ ಜೀವ ಅದು. ಕೊಬ್ಬು ಕೂಡಿಡುವುದು ಅಲ್ಲಿ ಬದುಕುವ ದಾರಿ. ಗಾಜಿನ ಗೂಡಿನಲ್ಲಿ ವರ್ಷವಿಡೀ ಸುಗ್ಗಿಯೇ ನಡೆದರೆ ಅದೇ ಕೊಬ್ಬು ಪಿತ್ತಜನಕಾಂಗದಲ್ಲಿ ಶೇಖರವಾಗಿ ಕಾಯಿಲೆಯಾಗುತ್ತದೆ. ಸಾಕಿದ ಓತಿಗಳಲ್ಲಿ ಬೊಜ್ಜು ಸಾಮಾನ್ಯವಾಗಿರುವುದು ಇದರಿಂದಲೇ. ಊಟ ಕೊಡುವ ಕೈಯನ್ನು ಕಂಡು ಅದು ಗಾಜಿನ ಬಳಿ ಓಡಿಬರುವುದನ್ನು ಪ್ರೀತಿ ಎಂದು ತಿಳಿದು ಮತ್ತೆರಡು ಹುಳು ಹಾಕುವವರೇ ಹೆಚ್ಚು. ಅದು ಆಹಾರ ತರುವವರನ್ನು ಗುರುತಿಸಿ ನಿರೀಕ್ಷಿಸಲು ಕಲಿತಿದೆ ಎನ್ನುವಷ್ಟನ್ನು ಧೈರ್ಯವಾಗಿ ಹೇಳಬಹುದು, ಅದೇ ಸಣ್ಣ ಸಂಗತಿಯಲ್ಲ. ಆ ನಂಬಿಕೆಗೆ ತಕ್ಕ ಮರ್ಯಾದೆಯೆಂದರೆ ಅಳತೆಯ ಊಟ.

ಕರ್ನಾಟಕದ ಓದುಗರು ಕಾನೂನನ್ನೂ ತಿಳಿದಿರಬೇಕು. ಆಸ್ಟ್ರೇಲಿಯಾ ತನ್ನ ಸರೀಸೃಪಗಳ ವಾಣಿಜ್ಯ ರಫ್ತನ್ನು ದಶಕಗಳ ಹಿಂದೆಯೇ ನಿಷೇಧಿಸಿದೆ. ಹೊರದೇಶಗಳಲ್ಲಿ ಇಂದು ಸಾಕುತ್ತಿರುವ ಗಡ್ಡದ ಓತಿಗಳು ಬಹುಪಾಲು ಹಿಂದೊಮ್ಮೆ ಕದ್ದು ಸಾಗಿಸಿದವುಗಳ ಸಂತತಿ. ಭಾರತ 2022ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿ ತಂದು, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಗಳ ಒಡೆತನವನ್ನು ನೋಂದಾಯಿಸುವುದನ್ನು ಕಡ್ಡಾಯ ಮಾಡಿತು. ಆದರೂ ಬ್ಯಾಂಕಾಕಿನಿಂದ ಸೂಟ್‌ಕೇಸುಗಳಲ್ಲಿ ತುಂಬಿ ತರುವ ದಂಧೆ ನಿಂತಿಲ್ಲ. 2023ರ ಆಗಸ್ಟಿನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಹಿಡಿದ ಅಂಥ ಒಂದು ಸಾಮಾನಿನಲ್ಲಿ ಇಗುವಾನಾ, ಗೋಸುಂಬೆಗಳ ಜೊತೆ ಉಸಿರುಗಟ್ಟಿ ಸತ್ತ ಕಾಂಗರೂ ಮರಿಯೂ ಇತ್ತು. ದಾಖಲೆಯಿಲ್ಲದ ಓತಿಯನ್ನು ಕೊಳ್ಳುವವರು ಈ ಸಾವುಗಳಿಗೆ ಹಣ ಕೊಡುತ್ತಾರೆ. ನಮ್ಮದೇ ಉಡ, ಗೋಸುಂಬೆಗಳನ್ನು ಹಿಡಿದು ಸಾಕುವುದಂತೂ ಅಪರಾಧ.

ಸಾಕಲು ಕಾನೂನಿನ ಅನುಮತಿಯಿರುವ ದೇಶಗಳಲ್ಲಿ ನೆಲೆಸಿದ ಕನ್ನಡದ ಮನೆಗಳಲ್ಲಿ ಮಕ್ಕಳು ಹಟ ಹಿಡಿದರೆ ನನ್ನ ಸಲಹೆ, ಮರಿಯ ಬದಲು ಬೆಳೆದ ಓತಿಯನ್ನು ಆರಿಸುವುದು. ಬ್ರಿಟನ್ನಿನ ಆರ್‌ಎಸ್‌ಪಿಸಿಎಯಂಥ ಆಶ್ರಯ ಕೇಂದ್ರಗಳಲ್ಲಿ ಸಾಕಲಾಗದೆ ಬಿಟ್ಟುಹೋದವು ಸಿಗುತ್ತವೆ. ಮರಿಯ ಸ್ವಭಾವ ಇನ್ನೂ ನೆಲೆಗೊಂಡಿರುವುದಿಲ್ಲ, ಬೆಳೆದದ್ದರ ಸ್ವಭಾವ ಕಣ್ಣೆದುರೇ ಇರುತ್ತದೆ. ಅದರ ತಟ್ಟೆಗೂ ಸೊಪ್ಪೇ ಹೆಚ್ಚು ಬೇಕು. ಮನೆಯಲ್ಲಿ ಐದು ವರ್ಷದೊಳಗಿನ ಮಕ್ಕಳಿದ್ದರೆ ಸಾಲ್ಮೊನೆಲ್ಲಾ ಸೋಂಕಿನ ಭಯವಿರುವುದರಿಂದ ಕೆಲವು ವರ್ಷ ಕಾಯುವುದು ಒಳ್ಳೆಯದು. ಕೊಳ್ಳುವ ಮುನ್ನ ಅದು ದೀಪದ ಕೆಳಗೆ ಬಿಸಿಯೇರಿಸಿಕೊಂಡ ಮೇಲೆ ಉಣ್ಣುವುದನ್ನು ನೋಡಬೇಕು, ದವಡೆ ಗಟ್ಟಿಯಿದೆಯೇ ಎಂದು ಪಶುವೈದ್ಯರಿಂದ ಮುಟ್ಟಿಸಿ ತಿಳಿಯಬೇಕು. ಯುವಿಬಿ ದೀಪವನ್ನು ಕೊನೆಯ ಸಲ ಯಾವಾಗ ಬದಲಾಯಿಸಿದ್ದು ಎಂದೂ ಕೇಳಬೇಕು, ಏಕೆಂದರೆ ಆ ದೀಪ ನಮ್ಮ ಕಣ್ಣಿಗೆ ಪ್ರಕಾಶಮಾನವಾಗಿ ಉರಿಯುತ್ತಿರುವಾಗಲೇ ಯುವಿಬಿ ಸೂಸುವುದನ್ನು ಕಡಿಮೆ ಮಾಡುತ್ತ ಹೋಗುತ್ತದೆ.